ಸಿಂಹಹೃದಯದ ರಾಜನೂ ನನ್ನ ದೋಸೆ ಕಾವಲಿಯೂ

ನನ್ನ ಕಬ್ಬಿಣದ ಕಾವಲಿಯಲ್ಲಿ ಈಗ ದೋಸೆ ಏಳುತ್ತಿಲ್ಲ. ಮದುವೆಯಾಗಿ ಕುವೈತಿಗೆ ಬರುವಾಗ ಉಡುಪಿಯಿಂದ ಸೀರೆಗಳ ನಡುವೆ ಸುತ್ತಿ ತಂದ ಕಾವಲಿ ಇದು. ವರ್ಷಗಟ್ಟಲೆ ಎಣ್ಣೆ ಕುಡಿದು ಕನ್ನಡಿಯಷ್ಟು ನುಣುಪಾಗಿದ್ದದ್ದು, ಈಗ ಹಿಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಬಿಡಲೊಲ್ಲೆ ಎನ್ನುತ್ತದೆ. ಕಾರಣ ನನಗೆ ಗೊತ್ತುಂಟು: ತಿಂಗಳುಗಟ್ಟಲೆ ಅದರ ಮೇಲೆ ಬೇರೊಬ್ಬರು ಎಣ್ಣೆ ಸೋಕಿಸದೆ ರೊಟ್ಟಿ ಸುಟ್ಟಿದ್ದಾರೆ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ದಿನಾ ಬೆಳಿಗ್ಗೆ ಉಜ್ಜುತ್ತೇನೆ. ಕೈ ಉಜ್ಜುತ್ತಿರುವಾಗ ಮನಸ್ಸು ತನ್ನ ಪಾಡಿಗೆ ತಿರುಗಾಡಲು ಹೋಗುತ್ತದೆ. ನೀವು ನಂಬಲಿಕ್ಕಿಲ್ಲ, ಅದು ಹೋಗಿ ನಿಲ್ಲುವುದು ಎಂಟುನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ಒಬ್ಬ ರಾಜನೆದುರು.

ಸಿಂಹಹೃದಯ ಎಂದು ಬಿರುದು ಪಡೆದ ಆ ರಾಜ ನಮ್ಮ ಮನೆಯೊಳಗೆ ಬಂದದ್ದು ಕಳೆದ ವರ್ಷ. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತನ್ನು ಹಿಡಿದಿತ್ತು, ಶಾಲೆಗಳು ಮುಚ್ಚಿದ್ದವು. ಮಗಳು ಶ್ರುತಿ ಕಿಟಕಿಯ ಹತ್ತಿರ ಹೋಗದಿರಲಿ ಎಂದು ನಾನು ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಚರಿತ್ರೆಯ ಪುಸ್ತಕ ಓದಿಸುತ್ತಿದ್ದೆ. ನಮ್ಮ ಯಜಮಾನರು ಶುವೈಖಿನ ಒಂದು ಗೋಡೌನಿನಲ್ಲಿ ಸ್ಟೋರ್‌ಕೀಪರ್. ವಾಹನಗಳ ಬಿಡಿಭಾಗಗಳ ವ್ಯಾಪಾರ. ಅವರ ಕಫೀಲ್, ಅಂದರೆ ಮಾಲೀಕ, ಗಡಿ ದಾಟಿ ಸೌದಿಗೆ ಹೋಗುವ ಗಡಿಬಿಡಿಯಲ್ಲಿ ಬೀಗದ ಕೈಯನ್ನು ಇವರ ಅಂಗೈಯಲ್ಲಿ ಇಟ್ಟು ಹೋಗಿದ್ದರು. ಅಷ್ಟೇ ಸಾಕಾಯಿತು. ನಮ್ಮವರೆಲ್ಲ ಬಸ್ಸು ಹಿಡಿದು ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನಿಗೆ ಹೋಗಿ ಅಲ್ಲಿಂದ ಬೊಂಬಾಯಿಯ ವಿಮಾನ ಹತ್ತುತ್ತಿದ್ದರೆ, ಇವರು ಮಾತ್ರ ನೀವಿಬ್ಬರೂ ಹೊರಡಿ, ನಾನು ಬರುವ ಹಾಗಿಲ್ಲ ಎಂದು ಕೂತರು. ನೀವಿಲ್ಲದೆ ನಾವು ಹೋಗುವುದಿಲ್ಲ ಎಂದು ನಾನೂ ಕೂತೆ. ಹೋಗುವ ಬಸ್ಸುಗಳು ಹೋಗುತ್ತಲೇ ಇದ್ದವು. ಇವರು ದಿನಾ ಬೆಳಿಗ್ಗೆ ಸೈನಿಕರ ತಪಾಸಣೆ ದಾಟಿ ಶುವೈಖಿಗೆ ಹೋಗುವರು. ಇವರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳುವ ತನಕ ನಾನು ದೇವರ ದೀಪಕ್ಕೆ ಎಣ್ಣೆ ಹಾಕುತ್ತಲೇ ಇರುವೆ. ದೀಪದ ಎಣ್ಣೆಗೆ ಬರ ಬರಲಿಲ್ಲ, ನಲ್ಲಿಯಲ್ಲಿ ನೀರು ನಿಲ್ಲಲಿಲ್ಲ, ಇವರು ಪ್ರತಿದಿನವೂ ಮನೆಗೆ ಬಂದರು. ದೇವರ ಹತ್ತಿರ ಇದಕ್ಕಿಂತ ಹೆಚ್ಚಿನದನ್ನು ಕೇಳುವ ಧೈರ್ಯ ಆಗ ನನಗಿರಲಿಲ್ಲ.

ಆ ಪುಸ್ತಕದಲ್ಲಿದ್ದ ಸಿಂಹಹೃದಯದ ರಾಜನೆಂದರೆ ಇವರಿಗೆ ಚಿಕ್ಕಂದಿನಿಂದ ಪ್ರಾಣ. ಕ್ರೈಸ್ತರ ಧರ್ಮಯುದ್ಧಕ್ಕೆ ಹೊರಟು ಪ್ಯಾಲೆಸ್ಟೀನಿನ ಅಕ್ಕಾ ಪಟ್ಟಣವನ್ನು ಗೆದ್ದದ್ದು, ಬಿಸಿಲಿನಲ್ಲಿ ಕಡಲತೀರದ ಗುಂಟ ಸೈನ್ಯದ ಸಾಲು ಮುರಿಯದ ಹಾಗೆ ನಡೆಸಿದ್ದು, ಯಾಫಾದಲ್ಲಿ ಹಡಗಿನಿಂದ ನೀರಿಗೆ ಧುಮುಕಿ ಎಲ್ಲರಿಗಿಂತ ಮುಂದೆ ದಡಕ್ಕೆ ನುಗ್ಗಿದ್ದು, ಇವೆಲ್ಲವನ್ನೂ ಮಗಳಿಗೆ ಅಭಿನಯಿಸಿ ಹೇಳುವರು. ಆದರೆ ಪುಸ್ತಕ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ಯಾವ ಊರಿಗಾಗಿ ಅವನು ಸಮುದ್ರ ದಾಟಿ ಬಂದನೋ ಆ ಜೆರುಸಲೇಮಿನ ಹತ್ತಿರಕ್ಕೆ ಎರಡು ಸಲ ಹೋಗಿ ಎರಡು ಸಲವೂ ಹಿಂದೆ ತಿರುಗಿದ. ದಾರಿಯ ಬಾವಿಗಳನ್ನು ಎದುರಾಳಿಗಳು ಹಾಳುಗೆಡವಿದ್ದರು. ಊರನ್ನು ಗೆದ್ದರೂ ಸೈನಿಕರು ತಮ್ಮ ತಮ್ಮ ದೇಶಕ್ಕೆ ಮರಳಿದ ಮೇಲೆ ಅದನ್ನು ಕಾಯುವವರು ಯಾರು? ಕೊನೆಗೆ ಒಪ್ಪಂದ ಮಾಡಿಕೊಂಡು ಹೊರಟ. ದಾರಿಯಲ್ಲಿ ಸೆರೆಸಿಕ್ಕ, ಬಿಡುಗಡೆಗೆ ಕೇಳಿದ ಹಣದ ಭಾರವನ್ನು ಅವನ ಪ್ರಜೆಗಳು ಹೊತ್ತರು. ಆಮೇಲೆ ಯಾವುದೋ ಸಣ್ಣ ಕೋಟೆಯೆದುರು ಬಾಣ ನಾಟಿ ಸತ್ತ. ಹೇಳುವುದಾದರೆ ಬಂದ ಕೆಲಸ ಆಗಲಿಲ್ಲ. ಬಿರುದು ಮಾತ್ರ ಇವತ್ತಿಗೂ ಬಣ್ಣ ಮಾಸಿಲ್ಲ.

ಎದುರಿನ ಫ್ಲಾಟಿನ ಉಮ್ ಖಾಲಿದ್, ಖಾಲಿದನ ತಾಯಿ, ಒಂದು ದಿನ ಉಪ್ಪು ಕೇಳಲು ಬಂದವಳು ಆ ಪುಟದ ಚಿತ್ರ ನೋಡಿ ನಕ್ಕಳು. ಅವಳು ಪ್ಯಾಲೆಸ್ಟೀನಿನವಳು, ಹುಟ್ಟಿದ್ದು ಅದೇ ಅಕ್ಕಾದಲ್ಲಿ. ನಲವತ್ತೆಂಟರ ಯುದ್ಧದಲ್ಲಿ, ಕೂಸಾಗಿದ್ದಾಗಲೇ, ತಾಯಿಯ ಸೊಂಟದ ಮೇಲೆ ಕೂತು ಊರು ಬಿಟ್ಟವಳು; ಮತ್ತೆ ಅಲ್ಲಿಗೆ ಹೋಗಲು ಅವರನ್ನು ಬಿಡಲಿಲ್ಲ. ಅವಳ ಅರಬ್ಬಿ, ನನ್ನ ಮುರುಕು ಅರಬ್ಬಿ, ಮಿಕ್ಕದ್ದಕ್ಕೆ ಕೈಸನ್ನೆ, ಹೀಗೆ ನಮ್ಮ ಮಾತು. ತಮ್ಮ ಮನೆಯಲ್ಲಿ ಹಠ ಮಾಡುವ ಮಕ್ಕಳನ್ನು ಈ ರಾಜನ ಹೆಸರು ಹೇಳಿಯೇ ಹೆದರಿಸುತ್ತಿದ್ದರು ಎಂದಳು. ಅಕ್ಕಾ ಶರಣಾದ ಮೇಲೆ ಕೈಕಟ್ಟಿದ್ದ ಸೆರೆಯಾಳುಗಳನ್ನು ಅವನು ಊರ ಹೊರಗೆ ಸಾಲಾಗಿ ಕಡಿಸಿದನಂತೆ. ಮಗಳ ಪುಸ್ತಕದಲ್ಲಿ ಹುಡುಕಿದೆ. ಅದಕ್ಕೆ ಅರ್ಧ ಸಾಲು ಸಿಕ್ಕಿತ್ತು. ಒಬ್ಬರ ಮನೆಯ ಸಿಂಹ ಇನ್ನೊಬ್ಬರ ಮನೆಯಲ್ಲಿ ಗುಮ್ಮ. ಯಾರ ಮನೆಯ ಜಗಲಿಯಲ್ಲಿ ಕೂತು ಕಥೆ ಕೇಳುತ್ತೇವೆ ಎಂಬುದರ ಮೇಲೆ ಹೋಗುತ್ತದೆ ಎಲ್ಲ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಶ್ರುತಿ ತಟ್ಟೆಯಿಂದ ತಲೆಯೆತ್ತದೆ ಕೇಳಿದಳು:

“ಪಪ್ಪಾ, ಅವನು ಫೈಟ್ ಮಾಡದೆ ಬ್ಯಾಕ್ ಹೋದ ಅಲ್ವಾ? ಮತ್ತೆ ಹೇಗೆ ಹೀರೋ?”

ಇವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಮಗಳಿಗೆ ಉತ್ತರ ಕೊಡುವ ಬದಲು ನನ್ನ ಕಡೆ ತಿರುಗಿದರು.

“ಗೋಡೌನಿನಲ್ಲಿ ಎಂತದೂ ಇಲ್ಲ ಮಾರಾಯ್ತಿ. ಮಿಲಿಟ್ರಿಯವರು ಲಾರಿ ತಂದು ಎಲ್ಲ ತುಂಬಿಸಿಕೊಂಡು ಹೋದರು. ಒಂದು ನಟ್ಟು ಸಹ ಬಿಡ್ಲಿಲ್ಲ.”

“ಯಾವಾಗ?”

“ಆಯ್ತು ಸುಮಾರು ದಿನ.”

“ಮತ್ತೆ ದಿನಾ ಹೋಗಿ ಎಂತ ಕಾಯ್ತಾ ಇದ್ದದ್ದು ನೀವು?”

“ಬೀಗ,” ಎಂದರು.

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ನಮ್ಮೂರಿನ ಯಕ್ಷಗಾನದ ಆಟದಲ್ಲಿ ವೇಷ ಪ್ರವೇಶಿಸುವಾಗ ಚೆಂಡೆ ಎಷ್ಟು ಬಡಿಯುತ್ತಾರೆ! ರಣರಂಗದಿಂದ ಸುಮ್ಮನೆ ಮನೆಗೆ ಹೊರಟವನಿಗೆ ಯಾವ ಭಾಗವತರೂ ಪದ ಹೇಳುವುದಿಲ್ಲ. ಅದಕ್ಕೇ ಇರಬೇಕು, ಗಂಡಸರಿಗೆ ಹಿಂದಿರುಗುವುದೆಂದರೆ ಅಷ್ಟು ಕಷ್ಟ.

“ಆ ರಾಜನಿಗೆ ಜೆರುಸಲೇಮ್ ಬಿಟ್ಟು ಹೋಗ್ಲಿಕ್ಕೆ ಆಯ್ತು,” ಎಂದೆ. “ನಿಮಗೆ ಒಂದು ಬೀಗ ಬಿಟ್ಟು ಬರ್ಲಿಕ್ಕೆ ಆಗುದಿಲ್ವಾ?”

ಇವರು ಮಜ್ಜಿಗೆ ಕೇಳಿ ಹಾಕಿಸಿಕೊಂಡು ಉಂಡರು. ಮರುದಿನ ಬಸ್ಸಿಗೆ ಹೆಸರು ಕೊಟ್ಟು ಬಂದರು.

ಹೊರಡುವ ದಿನ ನೀರಿನ ಕ್ಯಾನುಗಳಿಗೆ ಜಾಗ ಮಾಡಲು ಕಾವಲಿಯನ್ನು ಚೀಲದಿಂದ ಹೊರಗಿಡಬೇಕಾಯಿತು. ಉಮ್ ಖಾಲಿದಳ ಕೈಗೆ ಕೊಟ್ಟೆ. ಬಂದ ಮೇಲೆ ತೆಗೆದುಕೊ, ಇನ್‌ಶಾ ಅಲ್ಲಾ, ಎಂದಳು. ಇವರು ಖಾಲಿ ಗೋಡೌನಿಗೆ ಬೀಗ ಹಾಕಿ, ಬೀಗದ ಕೈಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಬಂದರು. ಅದು ಉಡುಪಿಯಲ್ಲಿ ದೇವರ ಪೆಟ್ಟಿಗೆಯಲ್ಲಿ, ಕುಂಕುಮದ ಭರಣಿಯ ಪಕ್ಕ ಕೂತಿತ್ತು. ಯುದ್ಧ ಮುಗಿದು ಈ ವರ್ಷ ನಾವು ಮರಳಿದಾಗ ಇವರು ಅದನ್ನು ಒರೆಸಿ ಮಾಲೀಕರಿಗೆ ಒಪ್ಪಿಸಿದರು. ಗೋಡೌನಿಗೆ ಬಾಗಿಲೇ ಉಳಿದಿರಲಿಲ್ಲ. ಮಾಲೀಕರು ಮೊದಲು ಕೇಳಿದ್ದು ಹೆಂಡತಿ ಮಗಳು ಕ್ಷೇಮವೇ ಎಂದು. ಬೀಗದ ಕೈ ಕೊಟ್ಟಿದ್ದೇ ಅವರಿಗೆ ನೆನಪಿರಲಿಲ್ಲ. ಇವರು ಮನೆಗೆ ಬಂದು ಅದನ್ನು ಹೇಳಿ, ತಮ್ಮಷ್ಟಕ್ಕೆ ತಾವೇ ತುಂಬ ಹೊತ್ತು ನಕ್ಕರು.

ಉಮ್ ಖಾಲಿದ್ ಮಾತ್ರ ಇರಲಿಲ್ಲ. ಅವಳ ಕಡೆಯ ನಾಯಕರು ಇರಾಕಿನ ಪರ ನಿಂತರೆಂದು ಪ್ಯಾಲೆಸ್ಟೀನಿನವರಿಗೆ ಈಗ ಇಲ್ಲಿ ಜಾಗವಿಲ್ಲದಂತಾಗಿದೆ; ಅಮ್ಮಾನಿಗೆ ಹೋದರಂತೆ. ಹೋಗುವ ಮುಂಚೆ ಕಾವಲಿಯನ್ನು ತನ್ನ ಕಸೂತಿಯ ಮೇಜುಬಟ್ಟೆಯಲ್ಲಿ ಸುತ್ತಿ ಕಟ್ಟಡದ ಕಾವಲುಗಾರನ ಬಳಿ ಬಿಟ್ಟಿದ್ದಳು. ಹಿಂದಿರುಗುವುದೇ ಜಾಣತನ ಎಂದು ನಾನು ಊಟದ ತಟ್ಟೆಯ ಮುಂದೆ ದೊಡ್ಡದಾಗಿ ಹೇಳಿದ್ದೆ. ರಾಜನಿಗೆ ಇಂಗ್ಲೆಂಡ್ ಇತ್ತು, ನಮಗೆ ಉಡುಪಿ ಇತ್ತು. ಅವಳಿಗೆ ಅಕ್ಕಾ ಇರಲಿಲ್ಲ. ಹಿಂದಿರುಗಲು ಒಂದು ಊರಿರುವುದೂ ದೇವರು ಕೊಟ್ಟದ್ದೇ ಎಂದು ನನಗೆ ಮೊದಲು ಹೊಳೆದೇ ಇರಲಿಲ್ಲ.

ಹೊರಗೆ ಇನ್ನೂ ಇರಾಕಿನವರು ಹೊತ್ತಿಸಿ ಹೋದ ಎಣ್ಣೆಬಾವಿಗಳ ಹೊಗೆ. ಒಣಗಿಸಿದ ಬಟ್ಟೆಯ ಮೇಲೆ ಮಸಿ. ಇವತ್ತು ಬೆಳಿಗ್ಗೆ ಮೊದಲನೆಯ ದೋಸೆ ಹರಿಯಿತು, ಎರಡನೆಯದು ಅರ್ಧಂಬರ್ಧ, ಮೂರನೆಯದು ಸುತ್ತಲೂ ಬಿಟ್ಟುಕೊಂಡು ಇಡಿಯಾಗಿ ಎದ್ದಿತು. ಒಂದು ಅಂಚಿನಲ್ಲಿ ಮಾತ್ರ ಅವಳ ರೊಟ್ಟಿ ಸುಟ್ಟ ಕಂದು ಗುರುತು ಉಳಿದುಕೊಂಡಿದೆ. ಇನ್ನು ನಾಲ್ಕು ದಿನ ಉಜ್ಜಿದರೆ ಹೋದೀತು. ಅಲ್ಲಿ ಉಜ್ಜುವುದನ್ನು ಬಿಟ್ಟಿದ್ದೇನೆ. ಹಿಟ್ಟನ್ನು ಅದರ ಈಚೆಗೇ ಹರಡುತ್ತೇನೆ.