ಹೊಸ್ತಿಲ ಕೆಳಗಿನ ಪೈಪು

ಪಾಂಡವಪುರ ತಾಲ್ಲೂಕಿನ ಒಂದು ಊರಿನ ಮಹಿಳಾ ಡೇರಿ ಕಟ್ಟಡಕ್ಕೆ ವಿನ್ಯಾಸ ಮಾಡಿದವಳು ನಾನು. ಕಟ್ಟಿ ವರ್ಷಗಳಾದರೂ ಅದು ಇನ್ನೂ ನನ್ನ ಕಂಪ್ಯೂಟರಿನಲ್ಲಿ ಇದೆ. ಗೋಡೆ, ಕಿಟಕಿ, ನೆಲದಡಿಯ ಪೈಪು, ಹಾಲು ತಂಪಿಡುವ ಟ್ಯಾಂಕು ಎಲ್ಲವೂ ಒಂದೇ ಮೂರು ಆಯಾಮದ ಮಾದರಿಯೊಳಗೆ. ಟ್ಯಾಂಕು ಬಾಗಿಲಲ್ಲಿ ತೂರುವುದಿಲ್ಲವೆಂದು ಪಾಯ ತೋಡುವ ಮೊದಲೇ ತೋರಿಸಿಕೊಟ್ಟಿದ್ದು ಅದು. ಟ್ಯಾಂಕಿನ ಸರ್ವಿಸ್ ಹತ್ತಿರ ಬಂತೆಂದು ಈಗ ಡೇರಿಯ ಫೋನಿಗೆ ಹೇಳುವುದೂ ಅದೇ.

ಈಚೆಗೊಂದು ಬೆಳಿಗ್ಗೆ ಡೇರಿಯ ಅಧ್ಯಕ್ಷೆ ಫೋನ್ ಮಾಡಿದರು. ಟ್ಯಾಂಕು ತೊಳೆದ ನೀರು ಹೊರಗೆ ಹೋಗುತ್ತಿಲ್ಲ, ಕೋಣೆಯಲ್ಲಿ ಪಾದ ಮುಳುಗುವಷ್ಟು ನಿಂತಿದೆ. ನೀರು ಇಳಿಯದೆ ಟ್ಯಾಂಕು ತೊಳೆದು ಮುಗಿಸುವಂತಿಲ್ಲ, ತೊಳೆಯದೆ ಸಂಜೆಯ ಹಾಲು ಹಾಕಿಸಿಕೊಳ್ಳುವಂತಿಲ್ಲ. ಖಾಸಗಿ ವ್ಯಾನಿಗೆ ಹಾಲು ಹಾಕುತ್ತಿದ್ದ ಹೆಂಗಸರನ್ನು ಮನೆಮನೆಗೆ ಹೋಗಿ ಡೇರಿಗೆ ಕರೆತಂದವರು ಅವರು. ಒಂದು ಹೊತ್ತು ಬಾಗಿಲು ಹಾಕಿದರೆ ಅರ್ಧ ಊರು ಮತ್ತೆ ವ್ಯಾನಿನ ಹಿಂದೆ ಹೋಗುತ್ತದೆ ಎಂಬ ಅಂಜಿಕೆ ಅವರದು.

ಶ್ರೀರಂಗಪಟ್ಟಣದಿಂದ ನಾನು ಹೋಗುವ ಹೊತ್ತಿಗೆ ಮೇಸ್ತ್ರಿಯೊಬ್ಬ ನೆಲ ಒಡೆಯುವ ಮಿಷನ್ ಹಿಡಿದು ಕೂತಿದ್ದ. ಪೈಪು ಹೊಸ್ತಿಲ ಕೆಳಗೆ ನೇರವಾಗಿ ಹೋಗಿದೆ, ಅಲ್ಲೇ ಒಡೆಯಿರಿ ಎಂದೆ. ನನಗೆ ಅನುಮಾನವೇ ಇರಲಿಲ್ಲ. ಯಾಕೆಂದರೆ ಆ ಪೈಪಿನ ಮೇಲೆ ನಡೆದ ಜಗಳ ನನಗೆ ಚೆನ್ನಾಗಿ ನೆನಪಿತ್ತು.

ಬಾಗಿಲು ನಿಲ್ಲಿಸಿ ಪೂಜೆ ಮಾಡಿದ ದಿನ ಅದು. ಹೊಸ್ತಿಲ ಕೆಳಗೆ ನವಧಾನ್ಯ, ಪಂಚಲೋಹ ಇಟ್ಟಿದ್ದರು. ಪೈಪಿನ ಗುಳಿ ಅಲ್ಲಿಗೇ ಬರುತ್ತದೆಂದು ತಿಳಿದು ಅಧ್ಯಕ್ಷೆ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಂತಿದ್ದರು.

"ಒಸ್ಲ ಕೆಳ್ಗೆ ಬಚ್ಚಲು ನೀರು ಅರಿಯೋದಾ? ಡೇರಿ ಆದ್ರೇನು, ಒಸ್ಲು ಒಸ್ಲೇ ಕಣವ್ವ."

ನೀರಿಗೆ ಇಳಿಜಾರು ಬೇಕು, ನಂಬಿಕೆಯಲ್ಲ ಎಂದು ನಾನು ಜೋರಾಗಿಯೇ ಹೇಳಿದ್ದೆ. ಅವರು ಮುಖ ಊದಿಸಿಕೊಂಡು ಹೊರಟುಹೋಗಿದ್ದರು. ನಾನು ಗೆದ್ದಿದ್ದೆ. ನೆನಪು ಅಲ್ಲಿಗೆ ಮುಗಿಯುತ್ತದೆ.

ಮೇಸ್ತ್ರಿ ಹೊಸ್ತಿಲ ಬುಡದಲ್ಲಿ ಸೀಮೆಸುಣ್ಣದ ಗೆರೆ ಎಳೆದ. ಅಧ್ಯಕ್ಷೆ ಅವನ ನೆತ್ತಿಯ ಮೇಲೇ ನಿಂತಿದ್ದರು. "ಮೆತ್ಗೆ ಒಡೀಲಾ. ಒಸ್ಲು ಬಿರುಕು ಬುಟ್ರೆ ಅದ್ರ ಜಾಗ್ದಲ್ಲಿ ನಿನ್ನೇ ಮಲಗಿಸ್ತೀನಿ."

ಒಡೆಯುವ ಜಾಗವನ್ನು ಮಾದರಿಯಲ್ಲಿ ಗುರುತು ಮಾಡಿಕೊಳ್ಳೋಣವೆಂದು ಲ್ಯಾಪ್‌ಟಾಪ್ ತೆರೆದೆ. ಅದು ಅಭ್ಯಾಸ, ಅಷ್ಟೇ. ನೆಲವನ್ನು ಪಾರದರ್ಶಕವಾಗಿಸಿ ನೋಡಿದರೆ ಹೊಸ್ತಿಲ ಕೆಳಗೆ ಏನೂ ಇಲ್ಲ. ಪೈಪು ಬಾಗಿಲಿಗೆ ಒಂದು ಮಾರು ದೂರದಲ್ಲೇ ತಿರುಗಿ, ಕಿಟಕಿಯ ಅಡಿಯಿಂದ ಹೊರಗೆ ಬಂದು, ಮುಚ್ಚಳವಿರುವ ಗುಂಡಿಯಂಥ ಒಂದು ಚೇಂಬರಿಗೆ ಸೇರಿತ್ತು. ಮಣ್ಣು ಮುಚ್ಚುವ ಮೊದಲು ತೆಗೆದ ಫೋಟೊ ಅದಕ್ಕೇ ಅಂಟಿಕೊಂಡಿತ್ತು. ಫೋಟೊದಲ್ಲಿ ಟೇಪು ಹಿಡಿದಿದ್ದ ಕೈ ನನ್ನದು, ಬಳೆ ಗುರುತಾಯಿತು.

ಏನಾಗಿತ್ತೆಂದು ಈಗ ಊಹಿಸಬಲ್ಲೆ, ನೆನಪಿದೆ ಎನ್ನಲಾರೆ. ಅವರು ಹೋದಮೇಲೆ ನಾನೇ ಪೈಪನ್ನು ಮಾದರಿಯಲ್ಲಿ ಆಚೆ ಸರಿಸಿ ನೋಡಿರಬೇಕು. ಇಳಿಜಾರು ಉಳಿಯಿತು, ಪಾಯಕ್ಕೂ ತಾಗಲಿಲ್ಲ ಎಂದು ಅದು ತೋರಿಸಿರಬೇಕು. ಹಾಗಾದರೆ ಹಟವೇಕೆ ಎಂದು ಒಪ್ಪಿರಬೇಕು, ಅವರಿಗೆ ಹೇಳದೆ. ಜಗಳವನ್ನು ಇಷ್ಟು ಜೋಪಾನ ಮಾಡಿದ ತಲೆ, ನಾನು ಸೋತಿದ್ದನ್ನು ಎಲ್ಲಿ ಬಿಸಾಡಿತೋ. ದಿನಚರಿಯಲ್ಲೂ ಬರೀ ಜಗಳವೇ ಇದೆ, ಮನೆಗೆ ಬಂದು ನೋಡಿದೆ.

ಕಟ್ಟಡ ಮುಗಿದ ನಂತರ ಚೇಂಬರಿನ ಮೇಲೆ ಯಾರೋ ಬೈಕು ನಿಲ್ಲಿಸಲು ಸಿಮೆಂಟು ಹಾಕಿಸಿದ್ದರು. ಹೊಸ್ತಿಲು ಬಿಟ್ಟು, ನಾನು ಅಳೆದು ತೋರಿಸಿದ ಕಡೆ ಮೇಸ್ತ್ರಿ ಒಡೆದ. ಮುಚ್ಚಳ ಸಿಕ್ಕಿತು, ಅದರಡಿ ಹಾಲಿನ ಜಿಡ್ಡೂ ಹುಲ್ಲೂ ಸೇರಿ ಗಟ್ಟಿಯಾಗಿದ್ದ ಮುದ್ದೆ. ಕಬ್ಬಿಣದ ಸರಳಿನಿಂದ ತಿವಿದಾಗ ಒಳಗಿನ ನೀರು ಗುಡುಗುಡು ಇಳಿಯಿತು.

ಅಧ್ಯಕ್ಷೆ ಬಗ್ಗಿ ನೋಡಿದರು, ಹೊಸ್ತಿಲನ್ನು ನೋಡಿದರು, ನನ್ನನ್ನು ನೋಡಿದರು.

"ಅಂಗಾರೆ ಪೈಪು ಆವತ್ತೇ ತಿರುಗ್ಸಿದ್ದಾ? ನಾನು ದಿನಾ ಒಸ್ಲು ದಾಟೋವಾಗ ನಿನ್ನ ಬಯ್ಕಂಡೇ ದಾಟ್ತಿದ್ದೆ ಕಣವ್ವ."

"ಇನ್ಮೇಲೆ?" ಎಂದೆ.

"ಇನ್ಮೇಲೆ ಬ್ಯಾರೆ ಏನಾರಾ ನೋಡ್ಬೇಕು," ಎಂದು ನಕ್ಕು, ಪೊರಕೆ ಎತ್ತಿಕೊಂಡು ಒಳಗೆ ಹೋದರು.

ಅವರು ಟ್ಯಾಂಕು ತೊಳೆಯುತ್ತಿದ್ದಾಗ ನಾನು ಜಗಲಿಯಲ್ಲಿ ಕೂತು ಬೈಕಿನ ಸಿಮೆಂಟನ್ನೂ ತೆರೆದ ಮುಚ್ಚಳವನ್ನೂ ಮಾದರಿಗೆ ಸೇರಿಸಿದೆ, ಫೋಟೊ ಸಹಿತ. ಮುಗಿಸುವಷ್ಟರಲ್ಲಿ ಸಂಜೆಯ ಮೊದಲ ಕ್ಯಾನು ಹೊಸ್ತಿಲು ದಾಟಿ ಒಳಗೆ ಹೋಯಿತು.