ಅವನು ಕರಡಿಗೆ ಮುಟ್ಟಲಿಲ್ಲ

ನಾನು ಚಿಕ್ಕವಳಿದ್ದಾಗ ಮಾನ್ವಿಯ ನಮ್ಮ ಮನೆಯ ಬಾಗಿಲು ಬೆಳಗ್ಗೆ ತೆರೆದರೆ ಮಲಗುವ ಹೊತ್ತಿಗೇ ಮುಚ್ಚುತ್ತಿತ್ತು. ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು, ಅಂಗೈಯಲ್ಲಿ ಒಂದು ಚೂರು ಬೆಲ್ಲ. ಬಂದ ಕೆಲಸದ ಮಾತು ಆಮೇಲೆ. ಬಾಯಲ್ಲಿ ಬೆಲ್ಲ ಇಟ್ಟುಕೊಂಡವರನ್ನು ಪ್ರಶ್ನೆ ಕೇಳುವುದು ಅವ್ವನಿಗೆ ಸೇರುತ್ತಿರಲಿಲ್ಲ. ಮಕ್ಕಳೇ, ಈಗ ನೀವು ಬಾಗಿಲಿನ ಗಾಜಿನ ಕಿಂಡಿಯಲ್ಲಿ ಇಣುಕಿ ನೋಡಿ, ಒಳಗಿನಿಂದಲೇ ‘ಯಾರದು?’ ಎಂದು ಕೂಗುತ್ತೀರಲ್ಲ, ಅವ್ವ ಇದ್ದಿದ್ದರೆ ನಿಮ್ಮ ಕಿವಿ ಹಿಂಡುತ್ತಿದ್ದಳು.

ಇದು ಎಪ್ಪತ್ತರ ದಶಕದ ಮಾತು. ಅಪ್ಪನಿಗೆ ಊರಿನ ಒಂದು ಅಕ್ಕಿ ಗಿರಣಿಯಲ್ಲಿ ಪಾಲಿತ್ತು. ಹಣೆ ತುಂಬ ವಿಭೂತಿ, ಅಂಗಿ ತುಂಬ ತೌಡಿನ ವಾಸನೆ. ದಾರಿಯಲ್ಲಿ ಹೊರಟರೆ ಜನ ‘ಸೌಕಾರ್ರು’ ಎಂದು ಕೈಮುಗಿಯುತ್ತಿದ್ದರು. ಆ ಬೇಸಿಗೆಯಲ್ಲಿ ಅಕ್ಕನ ಮದುವೆ ನಿಶ್ಚಯವಾಗಿತ್ತು. ಗಂಡಿನವರು ರಾಯಚೂರು ಪಟ್ಟಣದವರು. ಅಂಗಳದ ಹೊರಸಿನ ಮೇಲೆಲ್ಲ ಶಾವಿಗೆ ಒಣಗುತ್ತಿತ್ತು. ಅವ್ವ ಅಟ್ಟದ ಮೇಲಿನ ಹಿತ್ತಾಳೆ ಕೊಡ, ಪರಾತಗಳನ್ನೆಲ್ಲ ಇಳಿಸಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕುತ್ತಿದ್ದಳು. ತಿಕ್ಕಿ ತಿಕ್ಕಿ ಅವಳ ಬೆರಳು ಸೀಳಿದ್ದವು.

ಅಂಥ ಒಂದು ಮಧ್ಯಾಹ್ನ ಅವನು ಬಂದ. ತೊಳೆದ ಬಿಳಿ ಅಂಗಿ, ಹಣೆಗೆ ವಿಭೂತಿ, ಹೆಗಲಿಗೆ ಚೀಲ. ಸೈಕಲ್ಲನ್ನು ಬೇವಿನ ನೆರಳಿಗೆ ನಿಲ್ಲಿಸಿ, ಹೊಸ್ತಿಲಾಚೆಯೇ ಚಪ್ಪಲಿ ಬಿಟ್ಟು, “ಯವ್ವಾ, ಒಂದು ತಂಬಿಗಿ ನೀರು ಕೊಡ್ರಿ, ಬಿಸಲು ಭಾಳ ಅದ” ಅಂದ. ನೀರು ಕುಡಿದು, ಬೆಲ್ಲ ತಿಂದು, ಅವ್ವನ ಕೈ ನೋಡಿ ಅಯ್ಯೋ ಎಂದು ಮರುಗಿದ. ಚೀಲದಿಂದ ಗುಲಾಬಿ ಬಣ್ಣದ ಪುಡಿ ತೆಗೆದು, ಒದ್ದೆ ಬಟ್ಟೆಗೆ ಚಿಮುಕಿಸಿ ಒಂದು ಕಪ್ಪು ಹಿಡಿದ ಚೊಂಬನ್ನು ಉಜ್ಜಿದ. ನೋಡುತ್ತಿದ್ದ ಹಾಗೇ ಚೊಂಬು ಹೊಸದರಂತೆ ಫಳಫಳ ಹೊಳೆಯಿತು. ಕಟುವಾದ ಒಂದು ವಾಸನೆ ಮೂಗಿಗೆ ಏರಿ ನಾನು ಸೀನಿದೆ.

“ರೊಕ್ಕ ಬ್ಯಾಡ್ರಿ ಯವ್ವಾ. ಹೊಸಾ ಪುಡಿ, ಮಂದಿಗೆ ಪುಕ್ಕಟೆ ಹಚ್ಚಿ ತೋರಸಂತ ಕಳಿಸ್ಯಾರ” ಅಂದ. ಕೊಡ ಉಜ್ಜಿದ, ದೀಪದ ಸಮೆ ಉಜ್ಜಿದ, ಬೆವರು ಸುರಿಸಿ ಕೆಲಸ ಮಾಡಿದ. ಅವನಿಗೆ ಮಜ್ಜಿಗೆ ಕೊಟ್ಟೆವು.

ಹುರುಪಿಗೆ ಬಿದ್ದ ಅಕ್ಕ ಒಳಗೋಡಿ ಬೆಳ್ಳಿ ಕರಡಿಗೆ ತಂದಳು. ನಮ್ಮಲ್ಲಿ ಎದೆಯ ಮೇಲೆ ಧರಿಸುವ ಲಿಂಗವನ್ನು ಇಡುವ ಪುಟ್ಟ ಪೆಟ್ಟಿಗೆ ಅದು. ಮದುವೆಯಲ್ಲಿ ಅಕ್ಕನ ಕೊರಳಿಗೆ ಹಾಕಬೇಕೆಂದು ತೆಗೆದಿಟ್ಟಿದ್ದ ಖಾಲಿ ಕರಡಿಗೆ, ಕಪ್ಪಾಗಿತ್ತು. ಅದನ್ನು ಕಂಡದ್ದೇ ಆ ಮನುಷ್ಯ ಕೂತಲ್ಲಿಂದ ಎದ್ದು ನಿಂತ. ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

“ಅದು ಶಿವನ ಮನಿ ಯವ್ವಾ. ನನ್ನ ಕೈಗೆ ಔಷಧ ಹತ್ಯಾದ. ನಾ ಮುಟ್ಟಂಗಿಲ್ರಿ, ಒಳಗ ಇಡ್ರಿ.”

ಅಲ್ಲಿಗೆ ಅವನು ಗೆದ್ದ. ಕಳ್ಳನಾದವನು ಕೈಗೆ ಬಂದ ಬೆಳ್ಳಿ ಬಿಡುತ್ತಾನೆಯೇ? ಅವ್ವನ ಕಣ್ಣು ತುಂಬಿ ಬಂತು. “ಎಂಥಾ ತಾಯಿ ಹಡದಾಳೋ ಇಂವನ್ನ” ಎಂದು ಮೆಲ್ಲಗೆ ಅಂದಳು. ಬೇರೆ ಮನೆಯಾಗಿದ್ದರೆ ಅವನು ಬೇರೆ ಆಟ ಹೂಡುತ್ತಿದ್ದನೋ ಏನೋ. ನಮ್ಮಂಥ ಲಿಂಗಪೂಜೆಯ ಮನೆಯವರು ಯಾವ ಮಾತಿಗೆ ಕರಗುತ್ತೇವೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವ್ವ ತಾನಾಗಿಯೇ ತನ್ನ ಕೊರಳಿನ ಬೋರಮಾಳ ಬಿಚ್ಚಿದಳು. ಬೋರೆಹಣ್ಣಿನಂಥ ದುಂಡನೆಯ ಬಂಗಾರದ ಗುಂಡುಗಳ ಸರ. ಮಲ್ಲಟದ ತವರಿನಿಂದ ಅವ್ವನ ಅವ್ವ ಕೊಟ್ಟಿದ್ದು. ಅಕ್ಕ ಅದನ್ನೇ ಹಾಕಿಕೊಂಡು ಗಂಡನ ಮನೆಗೆ ಹೋಗಬೇಕಿತ್ತು. ಬೆವರು, ಅರಿಸಿನ ಕೂತು ಗುಂಡುಗಳು ಮಂಕಾಗಿದ್ದವು. ಆ ಮನುಷ್ಯ ಕೈಚಾಚಲಿಲ್ಲ. “ಸೌಕಾರ್ರು ಬಂದಮ್ಯಾಲೆ ಮಾಡೂಣೇನ್ರಿ?” ಎಂದು ಕೇಳಿದ. “ಅವ್ರು ಹೊತ್ತು ಮುಳುಗೂತನ ಬರಂಗಿಲ್ಲಪ್ಪ, ನೀ ಮಾಡು” ಅಂದಳು ಅವ್ವ. ಮನೆಯಲ್ಲಿ ಗಂಡಸರಿಲ್ಲ ಎಂಬುದನ್ನು ಅವನು ಹೀಗೆ ನಮ್ಮ ಬಾಯಿಂದಲೇ ಕೇಳಿ ತಿಳಿದುಕೊಂಡ.

ಆಮೇಲೆ ಅವನಿಗೆ ಅವಸರವೋ ಅವಸರ. ಇನ್ನೊಂದು ಓಣಿ ಮುಗಿಸಬೇಕು, ಜಲ್ದಿ ಮಾಡ್ರಿ ಅಂದ. ಸರ ಇಸಿದುಕೊಂಡು, ಒಂದು ಗಡಿಗೆಗೆ ನೀರು ತುಂಬಿ, ಅವ್ವನಿಗೆ ಅರಿಸಿನ ತರಲು ಹೇಳಿದ, ಅಕ್ಕನಿಗೆ ಒಲೆಯ ಕೆಂಡ, ನನಗೆ ಒಂದು ಮುಚ್ಚಳ. ಮೂವರೂ ಮೂರು ಕಡೆ ಓಡಿದೆವು. ಬರುವಷ್ಟರಲ್ಲಿ ಸರ ಗಡಿಗೆಯ ನೀರಿನಲ್ಲಿತ್ತು, ಅಂದರೆ ಇದೆ ಎಂದು ಅವನು ಹೇಳಿದ. ಅರಿಸಿನ ಸುರಿದು, ಮುಚ್ಚಳ ಮುಚ್ಚಿ, ಗಡಿಗೆ ಎತ್ತಿ ಕುಲುಕಿದ. ಒಳಗೆ ಗಲಗಲ ಸದ್ದಾಯಿತು.

“ಕೇಳ್ರಿ, ಗುಂಡು ಹೆಂಗ ಆಡಾಕತ್ಯಾವ! ಕೆಂಡದ ಮ್ಯಾಲೆ ಇಟ್ಟು, ಪೂರಾ ಆರೂತನ ಮುಚ್ಚಳ ತಗೀಬ್ಯಾಡ್ರಿ. ತಗದ್ರ ಬಂಗಾರ ಕಪ್ಪಾಗ್ತದ.”

ಹಾಗೆಂದು ಅವನು ಸೈಕಲ್ಲು ಹತ್ತಿ ಹೋದ. ನಾವು ಮುಚ್ಚಳ ತೆಗೆಯಲಿಲ್ಲ. ಗಡಿಗೆಯ ಸುತ್ತ ಕೂತು ಶಾವಿಗೆಗೆ ಬರುವ ಗುಬ್ಬಿ ಓಡಿಸುತ್ತ ಕಾದೆವು. ಅರಿಸಿನ ಬೆಂದ ವಾಸನೆ ಅಂಗಳ ತುಂಬಿತ್ತು. ಗಡಿಗೆ ತಣ್ಣಗಾದ ಮೇಲೆ ಅವ್ವ ಮುಚ್ಚಳ ತೆಗೆದು ಕೈ ಹಾಕಿದಳು. ಅವಳ ಹಳದಿ ಮುಷ್ಟಿಯಲ್ಲಿ ಬಂದದ್ದು ಹಳ್ಳದ ಸಣ್ಣ ಕಲ್ಲುಗಳು. ಅವ್ವ ಮತ್ತೆ ಮತ್ತೆ ಕೈ ಹಾಕಿದಳು. ಕೊನೆಗೆ ಅಕ್ಕ ಗಡಿಗೆಯನ್ನೇ ನೆಲಕ್ಕೆ ಬೋರಲು ಹಾಕಿ, ಆ ಕೆಸರಿನಲ್ಲಿ ಹುಡುಕುತ್ತ ಅತ್ತಳು.

ಸಂಜೆ ಅಪ್ಪ ಬಂದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ನಾವು ಹೆದರಿದ್ದೆವು. ಅಪ್ಪ ಬೈಯಲಿಲ್ಲ. ಎದ್ದು ಹೋಗಿ, ಮಲಗುವ ಮೊದಲು ಎಂದೂ ಮುಚ್ಚದ ಬಾಗಿಲು ಮುಚ್ಚಿ ಅಗಳಿ ಹಾಕಿದ.

“ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ” ಅಂದ. “ಬೀಗರಿಗೆ ತಿಳದ್ರ ಏನಂದಾರು? ಇಂಥಾ ದಡ್ಡರ ಮನಿ ಹೆಣ್ಣು ಬ್ಯಾಡಂದ್ರ? ನಾ ಮಂದ್ಯಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ?”

ಅವ್ವ ಪೊಲೀಸರ ಹೆಸರೆತ್ತಿದಳು. ಅದು ಊರಿಗೆಲ್ಲ ಡಂಗುರ ಹೊಡೆದಂತೆ ಎಂದ ಅಪ್ಪ. ಅಕ್ಕ ಮೂಗು ಒರೆಸಿಕೊಳ್ಳುತ್ತ, “ಪೋತ್ನಾಳದ ಅತ್ತಿಗಾದ್ರೂ ಹೇಳೂಣಪ್ಪಾ, ಆಕಿ ಒಬ್ಬಾಕಿ ಇರ್ತಾಳ” ಅಂದಳು. ಅತ್ತೆ ಅಪ್ಪನ ಸ್ವಂತ ಅಕ್ಕ. ಗಂಡ ತೀರಿಕೊಂಡ ಮೇಲೆ ಪೋತ್ನಾಳದಲ್ಲಿ ಚಿಕ್ಕದೊಂದು ಅಂಗಡಿ ಇಟ್ಟುಕೊಂಡು ಮಗಳನ್ನು ಸಾಕುತ್ತಿದ್ದಳು. ಬಾಯಿ ಸ್ವಲ್ಪ ಜೋರು. “ಆಕಿಗೆ ಹೇಳಿದ್ರ ಮುಗದೇ ಹೋತು” ಎಂದು ಅಪ್ಪ ಎದ್ದುಬಿಟ್ಟ.

ನಾವು ಬಾಯಿ ಹೊಲಿದುಕೊಂಡು ಕೂತೆವು. ನೆರೆಯವರು ಬಂದರೆ ನಗುತ್ತಿದ್ದೆವು. ಅವ್ವ ಮಾತ್ರ ಕೊರಳ ಸುತ್ತ ಸೆರಗು ಹೊದ್ದುಕೊಂಡೇ ಇರುತ್ತಿದ್ದಳು.

ಕೆಲವು ವಾರಗಳಾದ ಮೇಲೆ ಒಂದು ಮುಂಜಾನೆ ಅತ್ತೆ ಬಂದಳು. ಕೂದಲು ಕೆದರಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ, ಬೆಲ್ಲ ಮುಟ್ಟಲಿಲ್ಲ. ಅಪ್ಪ ಪೂಜೆ ಮುಗಿಸಿ ಹೊರಗೆ ಬಂದದ್ದೇ ಅಂಗಳದಲ್ಲಿ ನಿಂತು ಹೇಳಿದಳು.

“ತಮ್ಮಾ, ನಾ ಮೋಸ ಹೋದ್ನಿ. ಹುಡುಗಿಗಂತ ಇಟ್ಟಿದ್ದ ಬಂಗಾರ ಎಲ್ಲಾ ಹೋತು. ಪಾತ್ರಿ ತೊಳಿಯಾಂವ ಬಂದಿದ್ದ. ಕರಡಿಗಿ ಕೊಟ್ರ ಕೈಮುಗದು ಹಿಂದ ಸರದ ನೋಡು, ಅದಕ್ಕ ನಂಬಿದ್ನಿ. ನಂದಂತೂ ಹೋತು, ನಿಮ್ದರ ಉಳೀಲಿ ಅಂತ ಹೇಳಾಕ ಓಡಿಬಂದೀನಿ.”

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ಅಳು ಹೊರಗೆ ಬಂತು. ಅತ್ತೆ ಅವ್ವನ ಬೋರಮಾಳವಿಲ್ಲದ ಕೊರಳು ನೋಡಿದಳು, ಅಕ್ಕನ ಮುಖ ನೋಡಿದಳು.

“ಇಲ್ಲಿಗೂ ಬಂದಿದ್ನೇನು? ಯಾವಾಗ?”

“ಹ್ವಾದ ಅಮಾಸಿ ಮುಂದ, ಅತ್ತಿ” ಅಂದಳು ಅಕ್ಕ.

ಅತ್ತೆ ಕೂಗಾಡಲಿಲ್ಲ. ಜೋರು ಬಾಯಿಯ ನನ್ನ ಅತ್ತೆ ಅಂದು ಮೆಲ್ಲಗೆ ಮಾತಾಡಿದಳು. “ನನಗ ಒಂದ ಮಾತು ಹೇಳಬಾರದಾಗಿತ್ತೇನೋ, ತಮ್ಮಾ?” ಅಪ್ಪನ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

ಅತ್ತೆ ಮಾತ್ರ ಸುಮ್ಮನೆ ಕೂರಲಿಲ್ಲ. ತನ್ನ ಮಾನ ಹೋದರೆ ಹೋಗಲೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದಳು, ಸಂತೆಯಲ್ಲಿ ಹೇಳಿದಳು. ಕೆಲವರು ಅವಳೆದುರಿಗೇ ನಕ್ಕರು. ನಗದೆ ಕೇಳಿಸಿಕೊಂಡ ಒಬ್ಬ ಹೆಂಗಸು ಆ ಮಾತನ್ನು ದೇವದುರ್ಗದ ಕಡೆ ಮಸರಕಲ್ಲಿಗೆ ಒಯ್ದಳು. ಅಲ್ಲಿ ಅವನು ಕರಡಿಗೆಗೆ ಕೈಮುಗಿದು ಹಿಂದೆ ಸರಿದದ್ದೇ ತಡ, ಹೆಂಗಸರು ಊರು ಕೂಡಿಸಿದರು. ಸೈಕಲ್ಲು, ಚೀಲ ಎಲ್ಲ ಬಿಟ್ಟು ಹೊಲ ಬಿದ್ದು ಓಡಿದನಂತೆ. ಆ ಕಡೆ ಮತ್ತೆ ಅವನ ಸುದ್ದಿ ಕೇಳಲಿಲ್ಲ. ನಮ್ಮ ಬಂಗಾರ, ಅತ್ತೆಯ ಬಂಗಾರ ತಿರುಗಿ ಬರಲಿಲ್ಲ.

ಸುದ್ದಿ ರಾಯಚೂರಿನ ಬೀಗರಿಗೂ ಮುಟ್ಟಿತು. ಅಕ್ಕನ ಅತ್ತೆಯಾಗುವವರು ಬಂದಾಗ ಅಪ್ಪ ಕೈ ಹಿಚುಕಿಕೊಳ್ಳುತ್ತ ಎಲ್ಲ ಹೇಳಿದ. ಅವರು, “ಹ್ವಾದ ವರ್ಷ ನಮ್ಮನಿಯಾಗೂ ಹಿಂಗ ಆಗ್ಯದ್ರಿ. ಮಂದಿ ನಗ್ತಾರಂತ ಯಾರಿಗೂ ಹೇಳಿಲ್ಲ” ಅಂದರು. ಅಂದರೆ ರಾಯಚೂರು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವನು ಮಾನ್ವಿಗೆ ಬಂದ. ನಾವು ಬಾಯಿ ಮುಚ್ಚಿಕೊಂಡಿದ್ದಕ್ಕೆ ಪೋತ್ನಾಳಕ್ಕೆ ಹೋದ. ಇದನ್ನು ಯೋಚಿಸಿದಾಗಲೆಲ್ಲ ಅಪ್ಪನ ಮೇಲೆ ಸಿಟ್ಟು ಬರುತ್ತದೆ, ಪಾಪ ಎಂದೂ ಅನಿಸುತ್ತದೆ.

ಅಕ್ಕನ ಮದುವೆ ನಡೆಯಿತು. ಅತ್ತೆ ಬಂದಳು, ಅಕ್ಷತೆ ಹಾಕಿದಳು, ಅಕ್ಕನ ಗಲ್ಲ ಹಿಡಿದು ಮುತ್ತು ಕೊಟ್ಟಳು. ಊಟಕ್ಕೆ ಕೂರಲಿಲ್ಲ. ಅಪ್ಪ ಹೋಳಿಗೆಯ ಬುತ್ತಿ ಹಿಡಿದು ಓಣಿಯ ತುದಿಯವರೆಗೂ ಅವಳ ಹಿಂದೆ ಹೋದ. ಹಾಗೇ ಹಿಡಿದುಕೊಂಡು ತಿರುಗಿ ಬಂದ.

ಮಕ್ಕಳೇ, ನಿಮ್ಮ ಕಾಲದ ಮೋಸಗಾರರಿಗೆ ಬಿಸಿಲಿಲ್ಲ, ಸೈಕಲ್ಲಿಲ್ಲ. ಫೋನಿನಲ್ಲೇ ಬರುತ್ತಾರೆ. ‘ಪಾರ್ಸೆಲ್ ಬಂದಿದೆ, ನಂಬರ್ ಹೇಳಿ’ ಎನ್ನುತ್ತಾರೆ, ‘ಈಗಲೇ ಒತ್ತಿ, ಯಾರಿಗೂ ಹೇಳಬೇಡಿ’ ಎನ್ನುತ್ತಾರೆ. ಮೊದಲು ಪುಕ್ಕಟೆ ಏನೋ ಕೊಟ್ಟು ಒಳ್ಳೆಯವರಾಗುತ್ತಾರೆ, ಆಮೇಲೆ ಅವಸರ ಹಚ್ಚುತ್ತಾರೆ. ಹೋದ ತಿಂಗಳು ನಿಮ್ಮಲ್ಲೊಬ್ಬಳು ಅಂಥದ್ದೇನನ್ನೋ ಒತ್ತಿ, ಬೈಯುತ್ತಾರೆಂದು ಹೆದರಿ ಬಚ್ಚಲಲ್ಲಿ ಕೂತು ಅಳುತ್ತಿದ್ದಳು. ಉಳಿದವರು ಅವಳನ್ನು ‘ಪೆದ್ದಿ’ ಎಂದು ಆಡಿಕೊಂಡು ನಕ್ಕಿರಿ. ನನಗೆ ಮೈಯೆಲ್ಲ ಉರಿಯಿತು. ಮೋಸ ಹೋದವರನ್ನು ಕಂಡು ನೀವು ನಕ್ಕರೆ ಮುಂದಿನವರು ಬಾಯಿ ಬಿಡುವುದಿಲ್ಲ, ಅಷ್ಟು ಸಾಕು ಕಳ್ಳನಿಗೆ.

ನಿಮಗೆ ಒಂದು ಬೆರಳಾಡಿಸಿದರೆ ಸಾಕು, ಊರಿಗೆಲ್ಲ ‘ಹುಷಾರ್’ ಎಂದು ಹೇಳಬಹುದು. ನಮ್ಮ ಕಾಲದಲ್ಲಿ ಅಂಥದ್ದೇನೂ ಇರಲಿಲ್ಲ, ಅಪ್ಪನಾದರೂ ಏನು ಮಾಡಿಯಾನು ಎಂದು ಸಮಾಧಾನ ಹೇಳಿಕೊಳ್ಳೋಣವೆಂದರೆ ಅದೂ ಆಗುವುದಿಲ್ಲ. ಪೋತ್ನಾಳದ ಬಸ್ಸು ದಿನಾಲೂ ನಮ್ಮ ಓಣಿಯ ಮುಂದೆಯೇ ಹೋಗುತ್ತಿತ್ತು.