ಗಿರಣಿಯಾಕಿ ಜೀಕಿದ ಜೋಕಾಲಿ

ಮೊನ್ನೆ ಸೊಸೆ ಜೋಳ ಬೀಸಿಸಿಕೊಂಡು ಬಂದಳು. ಡಬ್ಬಿ ಇನ್ನೂ ಬಿಸಿ ಇತ್ತು. ಮುಚ್ಚಳ ತೆಗೆದೊಡನೆ ಆ ವಾಸನೆ ಬಂತು, ಬಿಸಿ ಹಿಟ್ಟಿನದು, ಅದರೊಳಗೆ ಗಿರಣಿಯ ತುಸು ಸುಟ್ಟ ರಬ್ಬರ್ ಪಟ್ಟಿಯದು. ಒಳಗೆ ಒಯ್ಯೋಣವೆಂದು ಕೈ ಹಾಕಿದರೆ, "ನೀವು ಎತ್ತಬ್ಯಾಡ್ರಿ ಅತ್ತಿ, ಸುಮ್ನ ಕುಂದರ್ರಿ" ಎಂದು ಹೇಳಿ ಡಬ್ಬಿ ಅಲ್ಲೇ ಬಿಟ್ಟು ಒಳಗೆ ಹೋದಳು. ಕುಳಿತೆ. ಕುಳಿತಲ್ಲೇ ಆಕೆ ನೆನಪಾದಳು...

ತೊಂಬತ್ತರ ದಶಕದ ಮಾತು. ಆಗ ನಾವು ಬೈರಿದೇವರಕೊಪ್ಪದಲ್ಲಿದ್ದೆವು. ಓಣಿಯ ತುದಿಗೆ ಹುಣಸೆಮರ, ಅದರ ಪಕ್ಕ ಹಿಟ್ಟಿನ ಗಿರಣಿ. ಗಿರಣಿ ನಡೆಸುವವನ ಮಗಳಿಗೆ ಸಣ್ಣಂದಿನಲ್ಲೇ ಪೋಲಿಯೊ ಆಗಿ ಎಡಗಾಲು ಕಡ್ಡಿಯಂತಾಗಿತ್ತು. ಆ ಮೊಣಕಾಲ ಮೇಲೆ ಕೈ ಊರಿ, ಒಂದು ಕಡೆಗೆ ವಾಲಿ ನಡೆಯುತ್ತಿದ್ದಳು. ಓಣಿಯವರು ಕುಂಟಿ ಎಂದೇ ಕರೆಯುತ್ತಿದ್ದರು. ಬೈಯಬೇಕೆಂದಲ್ಲ, ತೊಟ್ಟಿಲಲ್ಲಿ ಅದೇ ಹೆಸರು ಇಟ್ಟಿದ್ದಾರೆ ಎಂಬಂತೆ.

ಅವಳ ಅಪ್ಪ ಬಾಗಿಲಲ್ಲಿ ಕುಳಿತು ತೂಕ ಮಾಡುತ್ತಿದ್ದ. ಒಳಗೆ ಬೀಸುವವಳು ಅವಳು. ಗೋಡೆಗೆ ಕಬ್ಬಿಣದ ಕೊಳವೆ ಜಡಿಸಿಕೊಂಡಿದ್ದಳು. ಒಂದು ಕೈಯಲ್ಲಿ ಅದನ್ನು ಹಿಡಿದು ಮಷೀನಿನ ಮೆಟ್ಟಿಲು ಹತ್ತಿ, ಇನ್ನೊಂದು ಕೈಯಲ್ಲಿ ಡಬ್ಬಿ ಎತ್ತಿ ಕಾಳು ಸುರಿಯುತ್ತಿದ್ದಳು. ಹೊರಗೆ ಅಪ್ಪನ ಕೈಗೆ ಡಬ್ಬಿ ಕೊಟ್ಟು ನಿಂತವರು ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

ಅಪ್ಪ ತೀರಿಕೊಂಡ. ಅಣ್ಣ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ, ಅಲ್ಲೇ ಮನೆ ಮಾಡಿದ್ದ. ನಾಗರಪಂಚಮಿ ಮುಗಿಯುವ ತನಕ ನೋಡೋಣ, ಗಿರಾಕಿ ಬರದಿದ್ದರೆ ಮಷೀನು ಮಾರಿ ನಿನ್ನನ್ನು ನನ್ನ ಮನೆಗೆ ಕರೆದೊಯ್ಯುತ್ತೇನೆ ಎಂದ. ಒಳ್ಳೆಯ ಮನುಷ್ಯ. ಆದರೆ ಅಣ್ಣನ ಮನೆಯ ಮೂಲೆಯಲ್ಲಿ ಕೂತು ಉಣ್ಣುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು.

ಗಿರಾಕಿಗಳು ಬರಲಿಲ್ಲ. ಸಿಟ್ಟಿಗಲ್ಲ, ಕನಿಕರಕ್ಕೆ. ಶುರು ಮಾಡಿದ್ದು ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಮೂಲೆಮನೆ ಕಾಕು: ಕಾಲಿಲ್ಲದ ಹುಡುಗಿಯ ಕೈಯಲ್ಲಿ ಡಬ್ಬಿ ಎತ್ತಿಸಿದರೆ ನಮಗೆ ಒಳ್ಳೆಯದಾದೀತೇ ಎಂದು. ಹೆಂಗಸರೆಲ್ಲ ಅವಳ ಬಾಗಿಲ ಮುಂದಿನಿಂದಲೇ ಡಬ್ಬಿ ಹೊತ್ತು ದೂರದ ಗಿರಣಿಗೆ ಹೋಗತೊಡಗಿದರು. ಹೋಗುವಾಗ ಅವಳಿಗೆ ಒಂದು ಬಟ್ಟಲು ಪಲ್ಯ ಕೊಟ್ಟು ಹೋಗುತ್ತಿದ್ದರು. ನಾನು ಮಾತ್ರ ಅಲ್ಲೇ ಬೀಸಿಸುತ್ತಿದ್ದೆ. ನನ್ನದೇನೂ ದೊಡ್ಡ ಮನಸ್ಸಲ್ಲ. ಅಷ್ಟು ದೂರ ಹೊತ್ತು ಹೋಗಲು ನನಗೆ ಬೇಸರ.

ಯಾರೂ ಯಾಕೆ ಬರುತ್ತಿಲ್ಲ ಎಂದು ನನ್ನನ್ನೇ ಕೇಳಿದಳು. ಇದ್ದದ್ದು ಇದ್ದಂತೆ ಹೇಳಿದೆ. ಅಳಲಿಲ್ಲ. ಮಷೀನು ಒರೆಸುತ್ತ, "ಪಾಪ ಪಾಪ ಅನಕೋತ ನನ್ನ ಗಿರಣಿ ಮುಚ್ಚಸಾಕತ್ತಾರಲ್ರಿ, ವೈನಿ" ಎಂದಳು.

ಪಂಚಮಿ ಬಂತು. ಅಂದು ಒಲೆಯ ಮೇಲೆ ಹಂಚು ಇಡುವುದಿಲ್ಲ, ಗಿರಣಿಯೂ ಬಂದ್. ಹುಣಸೆಮರಕ್ಕೆ ಜೋಕಾಲಿ ಕಟ್ಟಿದರು. ಇಬ್ಬಿಬ್ಬರು ಎದುರುಬದುರು ನಿಂತು ಜೀಕುವುದು ನಮ್ಮ ಓಣಿಯ ಪದ್ಧತಿ. ಮೇಲಿನ ಟೊಂಗೆಗೆ ಒಣಕೊಬ್ಬರಿ ಬಟ್ಟಲು ಕಟ್ಟಿರುತ್ತಾರೆ. ಜೀಕಿ ಕಿತ್ತವರಿಗೆ ಅದು. ಅವಳಿಗೆ ಪ್ರತಿ ವರ್ಷ ಒಂದೇ ಕೆಲಸ, ಕಟ್ಟೆಯ ಮೇಲೆ ಕೂತು ಎಲ್ಲರ ಕೂಸುಗಳನ್ನು ಹಿಡಿಯುವುದು. ಆ ವರ್ಷ ಕೂಸನ್ನು ಅದರ ತಾಯಿಗೇ ಕೊಟ್ಟು ಎದ್ದು ಬಂದಳು.

"ವೈನಿ, ನನ್ನ ಜೋಡಿ ನಿಂದರ್ತೀರೇನ್ರಿ?"

ಕಾಕು ಹಗ್ಗ ಹಿಡಿದುಕೊಂಡರು. "ಹುಚ್ಚಿ, ಬಿದ್ರ ಯಾರು ಜವಾಬ್ದಾರಿ?"

"ನನಗ ಬಿದ್ದು ಏಳೂದು ರೂಢಿ ಐತ್ರಿ. ವೈನಿ ಬಿದ್ರ ಎಬ್ಬಸಾಕ ನಾಕು ಮಂದಿ ಬೇಕು, ಅದನ್ನ ನೋಡ್ಕೋರಿ. ಹಗ್ಗ ಬಿಡ್ರಿ, ಕಾಕು."

ಎಲ್ಲರೂ ನಕ್ಕರು. ಆಗ ನಾನು ಮೈಕೈ ತುಂಬಿಕೊಂಡಿದ್ದೆ. ನನಗೆ ಅಂಜಿಕೆ ಇದ್ದದ್ದು ಅವಳ ಕಾಲಿನದಲ್ಲ, ಹಗ್ಗದ್ದು.

ಹತ್ತಿದೆವು. ಬಲಗಾಲ ಮೇಲೆ ನಿಂತಳು. ಎಡಗಾಲು ಸುಮ್ಮನೆ ಜೊತೆಗಿತ್ತು. ಜೀಕಿದ್ದೆಲ್ಲ ತೋಳಿನಿಂದ. ಎಷ್ಟೋ ವರ್ಷ ಓಣಿಯ ಜೋಳವನ್ನೆಲ್ಲ ಎತ್ತಿದ ತೋಳು ಅವು. ಟೊಂಗೆ ಕಿರುಗುಟ್ಟಿತು. ಕಾಕು ಕಣ್ಣು ಮುಚ್ಚಿಕೊಂಡದ್ದು ನನಗೆ ಮೇಲಿನಿಂದ ಕಾಣಿಸಿತು. ಅವಳು ಹಗ್ಗದಿಂದ ಕೈ ತೆಗೆಯಲಿಲ್ಲ. ಕತ್ತು ಚಾಚಿ, ಹಲ್ಲಿನಿಂದಲೇ ಕೊಬ್ಬರಿ ಕಚ್ಚಿ ದಾರ ಹರಿದಳು.

ಇಳಿದು ಕೊಬ್ಬರಿ ಒಡೆದು ಮೊದಲ ಚೂರನ್ನು ಕಾಕುವಿನ ಕೈಗಿಟ್ಟಳು. "ನಾಳಿ ಜ್ವಾಳ ತರ್ರಿ, ಕಾಕು. ಡಬ್ಬಿ ನಾ ಎತ್ತತೇನಿ."

ಮರುದಿನ ಮೊದಲು ಬಂದವರು ಕಾಕುವೇ. ಅವರು ಸುಮ್ಮನಿರದೆ ತಾವೇ ಡಬ್ಬಿ ಹಿಡಿದು ಮೆಟ್ಟಿಲು ಹತ್ತಹೋಗಿ ಅವಳಿಂದ ಬೈಸಿಕೊಂಡರು. ಕೆಲವರು ಅವಳು ಹತ್ತುವುದನ್ನು ನೋಡಲಿಕ್ಕೆಂದೇ ಬಂದರು. ನೋಡಲಿ, ಜೋಳ ತಂದು ನೋಡಲಿ ಎಂದಳು. ನೋಡುನೋಡುತ್ತ ಡಬ್ಬಿಗಳ ಪಾಳಿ, ಒಂದರ ಹಿಂದೊಂದು, ಹುಣಸೆಮರವನ್ನೂ ದಾಟಿತು. ಅಷ್ಟರಲ್ಲಿ ಅಣ್ಣ ಮಷೀನು ಕೊಳ್ಳುವವನನ್ನು ಕರೆದುಕೊಂಡು ಬಂದ. ಅವಳು ಮೆಟ್ಟಿಲ ಮೇಲಿಂದಲೇ ಹೇಳಿದಳು, "ಬೀಸೂದಿದ್ರ ಪಾಳಿ ಹಚ್ಚಪಾ, ಅಣ್ಣಾ."

ಅಣ್ಣ ಪಾಳಿ ನೋಡಿದ, ತಂಗಿಯನ್ನು ನೋಡಿದ, ನಕ್ಕುಬಿಟ್ಟ. ಕೊಳ್ಳಲು ಬಂದವನು ಚಹಾ ಕುಡಿದು ಹೋದ.

ಅಂದಿನಿಂದ ಅವಳು ಗಿರಣಿಯಾಕಿ. ಯಾರಾದರೂ ಬಾಯಿತಪ್ಪಿ ಕುಂಟಿ ಎಂದರೆ ಕಾಕುವೇ ಗದರುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೂ ಎಷ್ಟೋ ವರ್ಷ ಗಿರಣಿ ನಡೆಸಿದಳು. ಆಮೇಲೆ ರಸ್ತೆ ಅಗಲ ಮಾಡಿದರು. ಮರ ಹೋಯಿತು, ಗಿರಣಿ ಹೋಯಿತು. ಕಾಮಾಲೆಯಾಗಿ ಅವಳೂ ಹೋದಳು... ಜೋಕಾಲಿಗೆ ಅಂಥ ಜೋಡಿ ನನಗೆ ಮತ್ತೆ ಸಿಗಲಿಲ್ಲ.

ಈಗ ನನ್ನ ಎರಡೂ ಮೊಣಕಾಲು ಹಿಡಿದಿವೆ. ಸೊಸೆ ಒಳಗೆ ಒಲೆ ಹಚ್ಚುತ್ತಿದ್ದಳು. ಮೊಣಕಾಲ ಮೇಲೆ ಕೈ ಊರಿ ಎದ್ದೆ. ಡಬ್ಬಿಯ ಬಿಸಿ ಇನ್ನೂ ಆರಿರಲಿಲ್ಲ. ನಾನೇ ಎತ್ತಿ ಒಳಗಿಟ್ಟೆ.